ಲೆಕ್ಕಕ್ಕೆ ತಾಳೆ ಇದೆ, ಓದಿಗೆ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ.

ಶಾಲೆಗಳು ಮತ್ತೆ ಶುರುವಾಗಿವೆ. ನಮ್ಮ ಬೆಂಗಳೂರಿನ ಶ್ರೀನಗರದ ಬಸ್ ಸ್ಟಾಪಿನಲ್ಲಿ ಬೆಳಿಗ್ಗೆ ಹೊಸ ಬ್ಯಾಗು, ಹೊಸ ಶೂಗಳ ಜಾತ್ರೆ. ನಿಮ್ಮ ಓದುಗರ ಅಂಕಣದಲ್ಲೂ ಶಾಲೆಯ ವಿಚಾರದ ಪತ್ರಗಳು ಜಾಸ್ತಿಯಾಗಿವೆ. ಫೀಸು, ಬ್ಯಾಗಿನ ಭಾರ, ಮೊಬೈಲಿನ ಹುಚ್ಚು. ಎಲ್ಲ ಸರಿಯೇ. ಆದರೆ ಯಾರೂ ಬರೆಯದ ಒಂದು ವಿಷಯ ಇದೆ, ಅದಕ್ಕೇ ಈ ಪತ್ರ. ತರಗತಿಯಲ್ಲಿ ನಾವು ಮೇಷ್ಟ್ರು, ಮಿಸ್‌ಗಳು ದಿನಕ್ಕೆ ಎಷ್ಟು ಸಲ ಕೇಳುತ್ತೇವೋ ಲೆಕ್ಕವಿಲ್ಲದ "ಅರ್ಥ ಆಯ್ತಾ?" ಎನ್ನುವ ಪ್ರಶ್ನೆ.

ನಾನು ಹನ್ನೊಂದು ವರ್ಷ ಖಾಸಗಿ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಹೇಳಿಕೊಟ್ಟವಳು. ಈಗ ಮನೆಯ ತಾರಸಿಯ ಮೇಲಿನ ಶೀಟಿನ ಕೋಣೆಯಲ್ಲಿ 8ರಿಂದ 10ನೇ ತರಗತಿಯ ಮಕ್ಕಳಿಗೆ ಟ್ಯೂಷನ್ ಮಾಡುತ್ತೇನೆ. ಶಾಲೆಯಲ್ಲಿದ್ದಾಗ ನಾನೂ ಅದನ್ನೇ ಕೇಳುತ್ತಿದ್ದೆ. ಮುಖ ಬೋರ್ಡಿನ ಕಡೆ, ಕೈಯಲ್ಲಿ ಸೀಮೆಸುಣ್ಣ, "ಅರ್ಥ ಆಯ್ತಾ ಮಕ್ಕಳೇ?" ಹಿಂದಿನಿಂದ ರಾಗವಾಗಿ "ಆಯ್ತೂ ಮಿಸ್". ಸಂಕ್ರಾಂತಿ ಹೊತ್ತಿಗೆ ಬೀದಿಗೆ ಬರುವ ಕೋಲೆ ಬಸವ ಗೊತ್ತಲ್ಲ, ಮಳೆ ಬರುತ್ತಾ ಬಸವಾ ಅಂದರೂ ತಲೆ ಆಡಿಸುತ್ತದೆ, ಬರಲ್ವಾ ಅಂದರೂ ತಲೆ ಆಡಿಸುತ್ತದೆ. ಹಾಗೆ. ನಾನು ಮಕ್ಕಳನ್ನು ಬೈಯುತ್ತಿಲ್ಲ. ಬಸವ ಹುಟ್ಟುತ್ತಲೇ ತಲೆ ಆಡಿಸಲು ಕಲಿತಿರುವುದಿಲ್ಲ, ಕಲಿಸಿದವರು ಇರುತ್ತಾರೆ.

"ಆಗಲಿಲ್ಲ" ಅಂದರೆ ಏನಾಗುತ್ತದೆ ಅಂತ ಮಗುವಿಗೆ ಚೆನ್ನಾಗಿ ಗೊತ್ತು. ಎಲ್ಲರೂ ತಿರುಗಿ ನೋಡುತ್ತಾರೆ, ಮಿಸ್ ಉಸಿರು ಬಿಟ್ಟು ಅದನ್ನೇ ಇನ್ನೊಂದು ಸಲ, ಸ್ವಲ್ಪ ಜೋರಾಗಿ ಹೇಳುತ್ತಾರೆ. ಜೋರಾಗಿ ಹೇಳಿದರೆ ಅರ್ಥವಾಗುತ್ತದೆ ಅಂತ ನಮಗೆ ಯಾರು ಹೇಳಿದರೋ! ಇದು ಹೆದರಿಕೆಯ ಮಾತಾಯಿತು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಎಷ್ಟೋ ಮಕ್ಕಳು ಸುಳ್ಳು ಹೇಳುತ್ತಲೇ ಇರುವುದಿಲ್ಲ. ಅರ್ಥ ಆಗಿದೆ ಅಂತ ನಿಜವಾಗಿ ನಂಬಿರುತ್ತಾರೆ. ಟೀವಿಯಲ್ಲಿ ಮೈಸೂರು ಪಾಕ್ ಮಾಡುವುದನ್ನು ನೋಡಿದರೆ ಇಷ್ಟೇನಾ ಅನಿಸುವುದಿಲ್ಲವೇ, ಒಲೆ ಮುಂದೆ ನಿಂತು ಎಳೆಪಾಕ ನೋಡುವಾಗ ತಾನೇ ಗೊತ್ತಾಗುವುದು. ಮಿಸ್ ಬೋರ್ಡಿನ ಮೇಲೆ ಲೆಕ್ಕ ಮಾಡುವಾಗ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಾಗುತ್ತದೆ. ಮಗು ನೋಡಿದ್ದನ್ನೇ ಕಲಿತೆ ಅಂದುಕೊಳ್ಳುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ, ಸ್ವಲ್ಪ ಲೆಕ್ಕ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಹೋದ ವರ್ಷ ಪ್ರಿಪರೇಟರಿ ಪರೀಕ್ಷೆಗೆ ವಾರ ಇದೆ ಅನ್ನುವಾಗ ಒಬ್ಬ ಹುಡುಗ ಬಂದು "ವರ್ಗ ಸಮೀಕರಣ ಪೂರ್ತಿ ಬರುತ್ತೆ ಮಿಸ್, ಅದು ಬಿಟ್ಟು ಬೇರೆ ಹೇಳಿ" ಅಂದ. ಸೂತ್ರ ಹೇಳು ಅಂದೆ. ಮೈನಸ್ ಬಿ ಪ್ಲಸ್ ಆರ್ ಮೈನಸ್ ಅಂತ ಒಂದೇ ಉಸಿರಿಗೆ ಮಂತ್ರದ ಹಾಗೆ ಹೇಳಿದ. ಸರಿ, ಎಕ್ಸ್ ಸ್ಕ್ವೇರ್ ಸಮ 5 ಎಕ್ಸ್ ಮೈನಸ್ 6, ಇದನ್ನು ಬಿಡಿಸು ಅಂದೆ. ಎಲ್ಲವನ್ನೂ ಒಂದೇ ಕಡೆಗೆ ತರಲಿಲ್ಲ. ಕಂಡ ಹಾಗೇ ಬಿ ಅಂದರೆ 5, ಸಿ ಅಂದರೆ ಮೈನಸ್ 6 ಅಂತ ಸೂತ್ರಕ್ಕೆ ಹಾಕಿಬಿಟ್ಟ. ಒಳಗೆ 49 ಬಂತು, ವರ್ಗಮೂಲ 7, ಉತ್ತರ 1 ಮತ್ತು ಮೈನಸ್ 6. ಮುಖ ಅರಳಿತು. "ನೋಡಿ ಮಿಸ್, ರೂಟ್ ಕರೆಕ್ಟಾಗಿ ಬಂತು, ಅಂದ್ರೆ ಸರಿ ಇದೆ." ಪಾಪ, ಪಾಯಿಂಟ್ ಇಲ್ಲದ ಉತ್ತರ ಬಂದರೆ ಸರಿ ಅಂತ ಅವನ ನಂಬಿಕೆ. ಉತ್ತರವನ್ನು ವಾಪಸ್ ಹಾಕಿ ನೋಡು ಅಂದೆ. ಮೈನಸ್ 6 ಹಾಕಿದ. ಎಡಗಡೆ 36, ಬಲಗಡೆ ಮೈನಸ್ 36. ಸ್ವಲ್ಪ ಹೊತ್ತು ನೋಡಿ, "ಮೈನಸ್ ಒಂದು ತಾನೇ ಮಿಸ್" ಅಂದ. ನಗು ಬಂತು, ತಡೆದುಕೊಂಡೆ. ಆಮೇಲೆ ಎಲ್ಲವನ್ನೂ ಒಂದೇ ಕಡೆ ತಂದು ಮಾಡಿದಾಗ 2 ಮತ್ತು 3 ಬಂತು, ಹಾಕಿ ನೋಡಿದ, ಸರಿಹೋಯಿತು. ಪೆನ್ನು ಕೆಳಗಿಟ್ಟು ಅವನು ಕೇಳಿದ್ದು ಮಾತ್ರ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. "ಇದು ಮೊದಲೇ ಗೊತ್ತಿದ್ರೆ ನಾನೇ ಕಂಡುಹಿಡೀತಿದ್ದೆ ಅಲ್ವಾ ಮಿಸ್?"

ಹೌದಲ್ಲ. ನಮಗೆ ಪ್ರೈಮರಿಯಲ್ಲಿ ಮೇಷ್ಟ್ರು ಭಾಗಾಕಾರ ಮಾಡಿಸಿದ ಮೇಲೆ ತಾಳೆ ನೋಡಿಸುತ್ತಿದ್ದರು. ಭಾಜಕವನ್ನು ಭಾಗಲಬ್ಧದಿಂದ ಗುಣಿಸು, ಶೇಷ ಕೂಡು, ಭಾಜ್ಯ ಬಂತಾ? ಬಂದರೆ ಸ್ಲೇಟು ತೋರಿಸು, ಬರದಿದ್ದರೆ ನೀನೇ ಹುಡುಕು. ಮೇಷ್ಟ್ರ ಟಿಕ್ ಮಾರ್ಕಿಗೆ ಕಾಯುವ ಹಾಗೇ ಇರಲಿಲ್ಲ. ನಾನು ಕೇಳುವುದು ಇಷ್ಟು: ಲೆಕ್ಕಕ್ಕೆ ತಾಳೆ ಇರುವ ಹಾಗೆ, ತನಗೆ ಎಷ್ಟು ಅರ್ಥವಾಗಿದೆ ಅನ್ನುವುದಕ್ಕೂ ತಾಳೆ ನೋಡುವುದನ್ನು ತರಗತಿಯಲ್ಲೇ, ಪಿರಿಯಡ್ ಒಳಗೇ, ಮಕ್ಕಳಿಗೆ ಯಾಕೆ ಕಲಿಸಬಾರದು? ಮಾರ್ಕ್ಸ್ ಕಾರ್ಡ್ ಬಂದ ಮೇಲೆ ಗೊತ್ತಾದರೆ ಏನು ಬಂತು. ಹಬ್ಬ ಮುಗಿದ ಮೇಲೆ ಹೋಳಿಗೆಗೆ ಬೇಳೆ ಬೇಯಿಸಿದ ಹಾಗೆ.

ಮನೆಯಲ್ಲಿ ಓದುವ ಕ್ರಮವನ್ನೇ ನೋಡಿ. ಪರೀಕ್ಷೆ ಹತ್ತಿರ ಬಂದರೆ ಪಾಠವನ್ನು ನಾಲ್ಕು ಸಲ ಓದು, ಐದು ಸಲ ಓದು ಅನ್ನುತ್ತೇವೆ. ಜೊತೆಗೆ ಹಳದಿ ಹೈಲೈಟರ್, ಈಗಂತೂ ಗುಲಾಬಿ, ಹಸಿರು ಕೂಡ. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ಯೂನಿವರ್ಸಿಟಿಯ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಇದನ್ನೇ ಪರೀಕ್ಷೆ ಮಾಡಿದರು. ಒಂದು ಗುಂಪು ಒಂದು ಪಾಠವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದೇ ಸರದಿ ಓದಿ, ಉಳಿದ ಮೂರು ಸರದಿ ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದರೆ ಓದಿದವರೇ ಮುಂದು, ಅವರಿಗೆ ಶೇ 83, ಬರೆದವರಿಗೆ ಶೇ 71. ಒಂದು ವಾರ ಬಿಟ್ಟು ಕೇಳಿದರೆ ಉಲ್ಟಾ. ಓದಿದವರಿಗೆ ಶೇ 40, ಬರೆದವರಿಗೆ ಶೇ 61. ಇದಕ್ಕಿಂತ ಮಜಾ ಏನೆಂದರೆ, ಒಂದು ವಾರದ ಮೇಲೆ ನಮಗೇ ಜಾಸ್ತಿ ನೆನಪಿರುತ್ತದೆ ಅಂತ ಹೇಳಿದ್ದೂ ನಾಲ್ಕು ಸರದಿ ಓದಿದವರೇ. ಮತ್ತೆ ಮತ್ತೆ ಓದಿದಾಗ ಪುಟ ಪರಿಚಯವಾಗುತ್ತದೆ. ಆ ಪರಿಚಯವನ್ನೇ ತಿಳಿವಳಿಕೆ ಅಂದುಕೊಳ್ಳುತ್ತೇವೆ. ದಿನಾ ಲಿಫ್ಟಿನಲ್ಲಿ ಸಿಗುವವರ ಮುಖ ಗೊತ್ತು, ಹೆಸರು ಕೇಳಿದರೆ ತಡಬಡಾಯಿಸುತ್ತೇವಲ್ಲ, ಹಾಗೆ.

ಇದು ಮಕ್ಕಳ ಕಾಯಿಲೆ ಅಂತಲೂ ಅಂದುಕೊಳ್ಳಬೇಡಿ. 2002ರಲ್ಲಿ ಯೇಲ್ ಯೂನಿವರ್ಸಿಟಿಯ ಇಬ್ಬರು ಸಂಶೋಧಕರು ದೊಡ್ಡವರನ್ನೇ ಕೂರಿಸಿ ಜಿಪ್, ಬೀಗ, ಟಾಯ್ಲೆಟ್ಟಿನ ಫ್ಲಶ್ ಹೇಗೆ ಕೆಲಸ ಮಾಡುತ್ತದೆ ಅಂತ ಎಷ್ಟರ ಮಟ್ಟಿಗೆ ಗೊತ್ತು, ನೀವೇ ಅಂಕ ಕೊಟ್ಟುಕೊಳ್ಳಿ ಅಂದರು. ಆಮೇಲೆ ಈಗ ವಿವರವಾಗಿ ಬರೆಯಿರಿ ಅಂದರು. ಬರೆದ ಮೇಲೆ ಅವರೇ ತಮ್ಮ ಅಂಕ ಇಳಿಸಿಕೊಂಡರು. ಇದನ್ನು ಓದಿದ ದಿನ ರಾತ್ರಿ ನಮ್ಮ ಮನೆಯವರನ್ನು ಕೇಳಿದೆ, ಫ್ಲಶ್ ಟ್ಯಾಂಕ್ ತುಂಬಿದ ತಕ್ಷಣ ನೀರು ತಾನಾಗೇ ಹೇಗೆ ನಿಲ್ಲುತ್ತದೆ ಅಂತ. ಇದೇನು ಮಹಾ ಅಂತ ಶುರು ಮಾಡಿದರು. ಎರಡನೇ ವಾಕ್ಯಕ್ಕೆ ನಿಂತರು. ಆಮೇಲೆ ಎದ್ದು ಹೋಗಿ ಟ್ಯಾಂಕಿನ ಮುಚ್ಚಳ ತೆಗೆದು ನೋಡಿಕೊಂಡು ಬಂದರು. ನನಗೆ ಬೇಕಾಗಿರುವುದು ಆ ಎದ್ದು ಹೋಗಿ ನೋಡುವುದು.

ಈಗ ನನ್ನ ತಾರಸಿ ಕೋಣೆಯಲ್ಲಿ ಏನು ಮಾಡುತ್ತೇನೆ ಅಂತ ಹೇಳಿಬಿಡುತ್ತೇನೆ. ಯಾವುದೂ ನನ್ನ ಸ್ವಂತ ಬುದ್ಧಿ ಅಲ್ಲ. ಹಾರ್ವರ್ಡಿನ ಸಂಖ್ಯಾಶಾಸ್ತ್ರದ ಮೇಷ್ಟ್ರು ಫ್ರೆಡರಿಕ್ ಮಾಸ್ಟೆಲರ್ ಪಾಠದ ಕೊನೆಯಲ್ಲಿ, ಇವತ್ತಿನ ಪಾಠದಲ್ಲಿ ಯಾವ ಜಾಗ ನಿಮಗೆ ತುಂಬಾ ಕೆಸರು ಕೆಸರಾಗಿತ್ತು ಅಂತ ಬರೆಸಿಕೊಳ್ಳುತ್ತಿದ್ದರಂತೆ, 1989ರಲ್ಲಿ ಅದರ ಬಗ್ಗೆ ಬರೆದಿದ್ದಾರೆ. ನಾನು ಅದನ್ನೇ ಎತ್ತಿಕೊಂಡೆ. ಕೊನೆಯ ಮೂರು ನಿಮಿಷ, ರಫ್ ಪುಸ್ತಕದ ಅರ್ಧ ಹಾಳೆ, ಹೆಸರು ಬೇಡ. ನಮ್ಮ ಮಕ್ಕಳು ಅದಕ್ಕೆ ಕೆಸರು ಚೀಟಿ ಅಂತ ಹೆಸರಿಟ್ಟಿದ್ದಾರೆ. ಮಳೆಗಾಲದಲ್ಲಿ ನಮ್ಮ ರಸ್ತೆ ನೋಡಿದವರಿಗೆ ಕೆಸರು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ವಾರ ಎಲ್ಲ ಚೀಟಿಗಳಲ್ಲೂ "ಏನೂ ಇಲ್ಲ ಮಿಸ್", "ಸೂಪರ್ ಮಿಸ್". ಎರಡನೇ ವಾರವೂ ಹಾಗೇ. ಆಗ ನಾನೇ ಒಂದು ಚೀಟಿ ಬರೆದು ಜೋರಾಗಿ ಓದಿದೆ. ನನಗೆ ಇವತ್ತು ಕೆಸರಾಗಿದ್ದು ಯಾವುದೆಂದರೆ, ಈ ಉದಾಹರಣೆಯನ್ನು ಯಾಕೆ ಕೊಟ್ಟೆ ಅಂತ ನನಗೇ ಗೊತ್ತಿಲ್ಲ. ನಕ್ಕರು. ಆಮೇಲೆ ನಿಜವಾದ ಚೀಟಿಗಳು ಬರಲು ಶುರುವಾದವು.

ಇನ್ನೊಂದು ಸಿಗ್ನಲ್ ಚುಕ್ಕೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಬ್ಲ್ಯಾಕ್, ಡೈಲನ್ ವಿಲಿಯಂ ಎಂಬ ಶಿಕ್ಷಣ ಸಂಶೋಧಕರ ಜೊತೆ ಕೆಲಸ ಮಾಡಿದ ಶಾಲಾ ಶಿಕ್ಷಕರು ಬಳಸಿದ್ದು ಇದು. ಅರ್ಥವಾದ ಕಡೆ ಹಸಿರು, ಅರೆಬರೆಯಾದ ಕಡೆ ಹಳದಿ, ತಿಳಿಯದ ಕಡೆ ಕೆಂಪು ಚುಕ್ಕೆ. ಬೆಂಗಳೂರಿನ ಮಕ್ಕಳಿಗೆ ಸಿಗ್ನಲ್ ಬಗ್ಗೆ ಹೇಳಿಕೊಡಬೇಕಾ, ಸಿಲ್ಕ್ ಬೋರ್ಡಿನಲ್ಲಿ ಅರ್ಧ ಬಾಲ್ಯ ಕಳೆದಿರುತ್ತಾರೆ. ಆದರೆ ಇದರಲ್ಲಿ ಒಂದು ತೊಂದರೆ ಇದೆ. ಪಕ್ಕದವನು ಹಸಿರು ಹಾಕಿದರೆ ಇವನೂ ಹಸಿರು. ಹಾಗಾಗಿ ಪುಸ್ತಕದ ಕೊನೆಯ ಪುಟದಲ್ಲಿ ಹಾಕಿಸುತ್ತೇನೆ, ಹಸಿರು ಹಾಕಿದವರಿಗೆ ಆ ಕೂಡಲೇ ಆ ಜಾಗದ ಒಂದು ಪ್ರಶ್ನೆ ಕೊಡುತ್ತೇನೆ. ಚುಕ್ಕೆ ಬರೀ ಅಂದಾಜು. ಅಂದಾಜಿಗೆ ತಾಳೆ ಆ ಪ್ರಶ್ನೆ. ಎಷ್ಟೋ ಶಾಲೆಗಳಲ್ಲಿ ಹೆಬ್ಬೆರಳು ಮೇಲೆ ಮಾಡಿ, ಕೆಳಗೆ ಮಾಡಿ ಅಂತ ಕೇಳಿ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಅದು ಕೈಯಲ್ಲಿ ಆಡಿಸುವ ಕೋಲೆ ಬಸವ ಅಷ್ಟೇ.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ಟೆಸ್ಟ್ ಬರೆದು ಕೊಡುವ ಮೊದಲು ಹಾಳೆಯ ಮೂಲೆಯಲ್ಲಿ, ನನಗೆ 25ಕ್ಕೆ ಎಷ್ಟು ಬರಬಹುದು ಅಂತ ಮಕ್ಕಳು ಬರೆಯಬೇಕು. ತಿದ್ದಿದ ಮೇಲೆ ಪಕ್ಕದಲ್ಲಿ ಬಂದದ್ದನ್ನು ಬರೆಯುತ್ತೇನೆ. ಎರಡರ ವ್ಯತ್ಯಾಸವನ್ನು ಅವರೇ ಒಂದು ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತಾರೆ. ಒಬ್ಬ 22 ಅಂದುಕೊಂಡು 9 ತೆಗೆದ. ಇದನ್ನು ನಾನು ಎದುರು ನೋಡಿದ್ದೆ. ಎದುರು ನೋಡದೆ ಇದ್ದದ್ದು ಒಬ್ಬಳು ಹುಡುಗಿ. ಪ್ರತಿ ಸಲ 11, 12 ಅಂತ ಬರೆದು 20, 21 ತೆಗೆಯುತ್ತಿದ್ದಳು. ವಿನಯ ಅಂದುಕೊಂಡಿದ್ದೆ. ಅವರ ತಾಯಿ ಬಂದು, "ರಾತ್ರಿ ಹನ್ನೆರಡಾದ್ರೂ ಮಲಗಲ್ಲ ಮಿಸ್, ಓದಿದ್ದನ್ನೇ ಓದ್ತಾಳೆ" ಅಂದಾಗ ಗೊತ್ತಾಯಿತು. ಬರುವುದನ್ನೇ ಮತ್ತೆ ಮತ್ತೆ ಓದಿ ನಿದ್ದೆ ಕೆಡಿಸಿಕೊಳ್ಳುತ್ತಿದ್ದಳು, ಯಾಕೆಂದರೆ ಬರುತ್ತದೆ ಅಂತ ಅವಳಿಗೇ ಗೊತ್ತಿರಲಿಲ್ಲ. ತನ್ನ ತಿಳಿವಳಿಕೆಯನ್ನು ಅಳೆಯಲು ಬಾರದ ಮಗು ಅಂದರೆ ದಡ್ಡ ಮಗುವೇ ಆಗಬೇಕಾಗಿಲ್ಲ. ಜಾಣರಿಗೂ ಇದರಿಂದ ಹೊಡೆತ ಬೀಳುತ್ತದೆ. ನಾಲ್ಕು ತಿಂಗಳಲ್ಲಿ ಅವಳ ವ್ಯತ್ಯಾಸ ಎರಡು ಅಂಕಕ್ಕೆ ಇಳಿಯಿತು. ನಿದ್ದೆ ಮಾಡುತ್ತಿದ್ದಾಳೆ ಅಂತ ತಾಯಿ ಹೇಳಿದರು.

ಪಾಠವನ್ನು ಮನೆಯಲ್ಲಿ ಯಾರಿಗಾದರೂ ಹೇಳಿ ಬಾ ಅನ್ನುವುದೂ ಇದೆ. ಒಬ್ಬಳು ಅಜ್ಜಿಗೆ ದ್ಯುತಿಸಂಶ್ಲೇಷಣೆ ಹೇಳಲು ಹೋದಳು. ಗಿಡ ಬಿಸಿಲಿನಲ್ಲಿ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ ಅಂತ ಹೇಳಿ ಮುಗಿಸಿದಳಂತೆ. ಅಜ್ಜಿ ಹಳ್ಳಿಯವರು. "ಹಂಗಾದ್ರೆ ನಿಮ್ಮ ತಾತ ಸಾಯೋಗಂಟ ಗದ್ದೆಗೆ ಗೊಬ್ಬರ ಹೊತ್ತಿದ್ದು ಯಾಕೆ?" ಅಂದರಂತೆ. ಮಾರನೇ ದಿನ ಹುಡುಗಿ ಬಂದದ್ದೇ ಆ ಪ್ರಶ್ನೆ ಹಿಡಿದುಕೊಂಡು. ಆ ದಿನದ ಪಾಠ ಪೂರ್ತಿ ಅದೇ ಆಯಿತು. ಗಿಡದ ಮೈ ತುಂಬುವುದು ಗಾಳಿಯ ಕಾರ್ಬನ್ ಡೈ ಆಕ್ಸೈಡ್ ಮತ್ತು ನೀರಿನಿಂದ, ಗೊಬ್ಬರ ಕೊಡುವುದು ಸಾರಜನಕ, ರಂಜಕದಂಥ ಬೇರೆ ಸಾಮಾನು, ಸ್ವಲ್ಪವೇ ಬೇಕು ಆದರೆ ಬೇಕೇಬೇಕು, ಸಾರಿಗೆ ಉಪ್ಪಿನ ಹಾಗೆ. ಗೈಡಿನ ಯಾವ ಪ್ರಶ್ನೋತ್ತರವೂ ಆ ಅಜ್ಜಿ ಮಾಡಿದ ಕೆಲಸ ಮಾಡಿರಲಿಲ್ಲ.

ಹೊರದೇಶದ ಹೆಸರುಗಳನ್ನು ಹೇಳಿದೆ ಅಂತ ಇದು ಹೊರಗಿನಿಂದ ಬರಬೇಕಾದ ಸರಕು ಅಂದುಕೊಳ್ಳಬೇಡಿ. ನಮ್ಮಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ನಲಿಕಲಿ ಪದ್ಧತಿ ನೋಡಿ. ಆಂಧ್ರದ ಋಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದ ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕಟ್ಟಿದ್ದು. ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಗೆ ಬಂತು. ಅಲ್ಲಿ ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ಲೋಗೋ ನೋಡಿ ಹುಡುಕುತ್ತದೆ, ಕಾರ್ಡ್ ತೆಗೆದುಕೊಳ್ಳುತ್ತದೆ, ತನ್ನ ಗುಂಪಿನ ಗುರುತಿಗೆ ಇಟ್ಟ ತಟ್ಟೆಯ ಕಡೆ ಹೋಗಿ ಕೂರುತ್ತದೆ. ಯಾವ ತಟ್ಟೆಯಲ್ಲಿ ಮಿಸ್ ನೆರವು ಬೇಕು, ಯಾವುದರಲ್ಲಿ ಗೆಳೆಯ ಸಾಕು, ಯಾವುದರಲ್ಲಿ ತಾನೇ ಮಾಡಬೇಕು, ಆರು ವರ್ಷದ ಮಗುವಿಗೆ ಅದು ಗೊತ್ತು. ಪ್ರಗತಿ ನೋಟದಲ್ಲಿ ಎಲ್ಲಿಗೆ ಬಂದಿದ್ದೇನೆ ಅನ್ನುವುದೂ ಕಣ್ಣೆದುರೇ ಇರುತ್ತದೆ. ನಲಿಕಲಿಯಲ್ಲಿ ಕೊರತೆ ಇಲ್ಲ ಅಂತಲ್ಲ, ಒಬ್ಬರೇ ಶಿಕ್ಷಕರು ಮೂರು ತರಗತಿ ಹೇಗೆ ನೋಡಿಕೊಳ್ಳಬೇಕು ಅನ್ನುವ ಗೋಳು ನನಗೂ ಗೊತ್ತು. ಆದರೆ ನಾಲ್ಕನೇ ತರಗತಿಗೆ ಬಂದ ಕೂಡಲೇ ಆ ಏಣಿಯನ್ನೇ ಎತ್ತಿಟ್ಟುಬಿಡುತ್ತೇವಲ್ಲ, ಅದು ಯಾಕೆ? ಆರು ವರ್ಷಕ್ಕೆ ತಿಳಿದದ್ದು ಹದಿನಾಲ್ಕಕ್ಕೆ ತಿಳಿಯದ ಹಾಗೆ ಮಾಡುವುದು ಕಷ್ಟದ ಕೆಲಸ, ಅದನ್ನು ನಾವು ಮಾಡುತ್ತಿದ್ದೇವೆ.

ಕಾನೂನಿನಲ್ಲೂ ಕೊರತೆ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಅನ್ನುತ್ತದೆ. ಅದರಿಂದ ಬಂದದ್ದು ನಮ್ಮ ಎಫ್‌ಎ, ಎಸ್‌ಎ ಎಂಬ ಮೌಲ್ಯಮಾಪನಗಳು. ಎಫ್‌ಎ ಅಂದರೆ ರೂಪಣಾತ್ಮಕ, ಕಲಿಯುತ್ತಿರುವಾಗಲೇ ತಿದ್ದಿ ರೂಪ ಕೊಡುವುದು. ಈಗ ಎಫ್‌ಎ ಅಂದರೆ ಏನು? ಪ್ರಾಜೆಕ್ಟ್. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆದು, ಥರ್ಮಾಕೋಲಿಗೆ ಅಂಟಿಸಿ, ಮೇಲೆ ಗ್ಲಿಟರ್ ಹಚ್ಚಿದ್ದು. ಮಾಡುವುದು ಅಮ್ಮ, ಕೆಲವು ಸಲ ಅಂಗಡಿಯವನೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪ್ರಗತಿ ಪತ್ರದಲ್ಲಿ ಮಗುವಿನ ಸ್ವಮೌಲ್ಯಮಾಪನ ಇರಲಿ ಅಂದಿತ್ತು. ನನ್ನ ಪರಿಚಯದ ಮನೆಯೊಂದರಲ್ಲಿ ಅಂಥ ಕಾರ್ಡ್ ನೋಡಿದೆ, ನಗುವ ಮುಖ, ಸಪ್ಪೆ ಮುಖಗಳಿಗೆ ಟಿಕ್ ಹಾಕುವುದು. ಎಲ್ಲದಕ್ಕೂ ನಗುವ ಮುಖ. ಬಾಲ್ ಪೆನ್ನಿನ ಬರಹ ತಾಯಿಯದ್ದು.

ಹಾಗಾಗಿ ಒಂದು ವಿಷಯದಲ್ಲಿ ನಾನು ಹಟಮಾರಿ. ಇದಕ್ಕೆ ಅಂಕ ಕೊಡಬೇಡಿ. ಮಗು ತನಗೆ ಏನು ಬರುವುದಿಲ್ಲ ಅಂತ ಹೇಳಿದ್ದಕ್ಕೆ ಒಂದು ಅಂಕ ಕೊಟ್ಟರೂ, ಕಳೆದರೂ, ಮಾರನೇ ದಿನದಿಂದ ಅದು ಸುಳ್ಳು ಹೇಳುತ್ತದೆ. ರಿಜಿಸ್ಟರ್ ಬೇಡ, ಆ್ಯಪ್ ಬೇಡ, ಫೋಟೊ ತೆಗೆದು ಗ್ರೂಪಿಗೆ ಹಾಕುವುದಂತೂ ಬೇಡವೇ ಬೇಡ. ಸರ್ಕಾರಿ ಶಾಲೆಯ ಶಿಕ್ಷಕರಿಗೆ ಈಗಾಗಲೇ ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಸಮೀಕ್ಷೆ, ಚುನಾವಣೆ ಸಾಕಾಗಿದೆ. ಇದನ್ನೂ ಒಂದು ಕಾರ್ಯಕ್ರಮ ಮಾಡಿ ಹೆಸರಿಟ್ಟು ಬ್ಯಾನರ್ ಕಟ್ಟಿದರೆ ಮುಗಿಯಿತು.

ಪೋರ್ಷನ್ ಮುಗಿಯುವುದಿಲ್ಲ ಅನ್ನುವವರು ಇದ್ದಾರೆ. ನಾನೂ ಹಾಗೇ ಅನ್ನುತ್ತಿದ್ದೆ. ಅರವತ್ತು ಮಕ್ಕಳ ತರಗತಿ, ನಲವತ್ತು ನಿಮಿಷದ ಪಿರಿಯಡ್, ಅದರಲ್ಲಿ ಹಾಜರಿಗೇ ಐದು ನಿಮಿಷ. ನಿಜ. ಆದರೆ ಡಿಸೆಂಬರಿಗೆ ಪೋರ್ಷನ್ ಮುಗಿಸಿ, ಜನವರಿಯಿಂದ ಪಾಸಾಗಲು ಬೇಕಾದಷ್ಟನ್ನೇ ಆರಿಸಿಕೊಟ್ಟ ಪಾಸಿಂಗ್ ಪ್ಯಾಕೇಜ್ ಹಿಡಿದು ಜೂನ್ ತಿಂಗಳ ಪಾಠವನ್ನೇ ಮತ್ತೆ ಅರೆಯುತ್ತೇವಲ್ಲ, ಆ ಸಮಯ ಎಲ್ಲಿಂದ ಬರುತ್ತದೆ? ಚೀಟಿ ಓದಲು ನನಗೆ ಒಂದು ಲೋಟ ಕಾಫಿಯಷ್ಟು ಹೊತ್ತು ಸಾಕು. ಎಲ್ಲವನ್ನೂ ಓದಬೇಕಾಗಿಯೂ ಇಲ್ಲ, ಹತ್ತು ಓದಿದರೆ ಆರರಲ್ಲಿ ಅದೇ ಕೆಸರು ಸಿಗುತ್ತದೆ.

5, 8, 9ನೇ ತರಗತಿಗೆ ಬೋರ್ಡ್ ಪರೀಕ್ಷೆ ಬೇಕೋ ಬೇಡವೋ ಅಂತ 2024ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಬಂದೆವು. ಇರಲಿ. ನಾನು ಕೇಳುವುದು ಈ ತಿಂಗಳೇ ಆಗುವ ಒಂದು ಸಣ್ಣ ಕೆಲಸ. ಈಗ ಶಾಲೆಗಳಲ್ಲಿ ಹಿಂದಿನ ತರಗತಿಯ ಪಾಠವನ್ನು ಮತ್ತೆ ನೆನಪಿಸುವ ಸೇತುಬಂಧ ನಡೆಯುತ್ತದೆ. ಪೂರ್ವ ಪರೀಕ್ಷೆ ಬರೆಸುತ್ತಾರೆ, ಹಿಂದಿನ ವರ್ಷದ್ದು ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಶಿಕ್ಷಕರು ಗುರುತು ಮಾಡಿಕೊಳ್ಳುತ್ತಾರೆ, ಕೊನೆಗೆ ಸಾಫಲ್ಯ ಪರೀಕ್ಷೆ. ನನ್ನ ಹತ್ತಿರ ಬರುವ ಮಕ್ಕಳನ್ನು ಕೇಳಿದರೆ, ಆ ಹಾಳೆಯನ್ನು ವಾಪಸ್ ನೋಡಿದವರೇ ಕಡಿಮೆ. ಅದು ಫೈಲಿಗೆ ಹೋಗುತ್ತದೆ. ಇನ್ಸ್‌ಪೆಕ್ಷನ್ನಿಗೆ ಬಂದವರು ನೋಡುತ್ತಾರೆ, ಬರೆದ ಮಗು ನೋಡುವುದಿಲ್ಲ. ದಯವಿಟ್ಟು ಆ ಹಾಳೆಯನ್ನು ಒಂದು ಪಿರಿಯಡ್ ಮಗುವಿನ ಕೈಗೆ ಕೊಡಿ. ತಪ್ಪಾದದ್ದರ ಪಕ್ಕ ಅದೇ ಬರೆಯಲಿ, ಇದು ಗೊತ್ತಿತ್ತು, ಅವಸರದಲ್ಲಿ ತಪ್ಪಿದೆ, ಅಥವಾ ಇದು ಗೊತ್ತೇ ಇರಲಿಲ್ಲ, ಅಥವಾ ಇದು ಸರಿ ಅಂತಲೇ ಅಂದುಕೊಂಡಿದ್ದೆ. ಆ ಮೂರನೆಯ ಗುಂಪನ್ನು ಮೊದಲು ನೋಡಿ. ಗ್ಯಾರಂಟಿ ಅಂದುಕೊಂಡು ಮಾಡಿದ ತಪ್ಪು ಗೊತ್ತಾದಾಗ ಮಕ್ಕಳು ಬೆಚ್ಚಿಬೀಳುತ್ತಾರೆ, ಅದನ್ನು ಬೇಗ ಮರೆಯುವುದೂ ಇಲ್ಲ.

ಪೋಷಕರಿಗೂ ಒಂದು ಮಾತು. ಸಂಜೆ ಬಂದ ಮಗುವನ್ನು ಎಷ್ಟು ಬಂತು ಅಂತ ಕೇಳುವ ಬದಲು ಇವತ್ತು ಯಾವುದು ತಲೆಗೆ ಹತ್ತಲಿಲ್ಲ ಅಂತ ಕೇಳಿ ನೋಡಿ. ಹೇಳಿದಾಗ ಮಾತ್ರ ಮುಖ ಗಂಟು ಹಾಕಬೇಡಿ.

ಹೋದ ಶನಿವಾರ ಹತ್ತನೇ ತರಗತಿಯವರಿಗೆ ರಾಸಾಯನಿಕ ಕ್ರಿಯೆಗಳ ಪಾಠ ಮಾಡಿದೆ. ಉತ್ಕರ್ಷಣ, ಇಂಗ್ಲಿಷಿನಲ್ಲಿ ಆಕ್ಸಿಡೇಷನ್, ಅಂದರೆ ಆಕ್ಸಿಜನ್ ಸೇರುವುದು, ಅಪಕರ್ಷಣ ಅಂದರೆ ಆಕ್ಸಿಜನ್ ಹೋಗುವುದು, ಚೆನ್ನಾಗಿ ಹೇಳಿದೆ ಅಂತ ನನಗೇ ನನ್ನ ಮೇಲೆ ಖುಷಿ. ಡಬ್ಬಿಯಲ್ಲಿ ಒಂದು ಚೀಟಿ ಸಿಕ್ಕಿತು. "ಆಕ್ಸಿಜನ್ನೇ ಇಲ್ದೇ ಇರೋ ಕಡೆ ಉತ್ಕರ್ಷಣ ಆಗಲ್ವಾ ಮಿಸ್? ಆಗುತ್ತೆ ಅಂದ್ರೆ ಮತ್ತೆ ಅದಕ್ಕೆ ಆಕ್ಸಿಜನ್ ಹೆಸರು ಯಾಕೆ?" ಆಗುತ್ತದೆ, ಎಲೆಕ್ಟ್ರಾನ್ ಕಳೆದುಕೊಳ್ಳುವುದನ್ನೂ ಉತ್ಕರ್ಷಣ ಅನ್ನುತ್ತಾರೆ ಅಂತ ನನಗೆ ಗೊತ್ತು. ಆದರೆ ಎರಡೂ ಒಂದೇ ಹೇಗೆ ಅಂತ ಆ ಮಗುವಿಗೆ ಹೇಳುವ ಹಾಗೆ ಮನಸ್ಸಿನಲ್ಲೇ ಹೇಳಿಕೊಂಡು ನೋಡಿದೆ. ಎರಡನೇ ವಾಕ್ಯಕ್ಕೆ ನಿಂತೆ. ಅಟ್ಟದಿಂದ ನನ್ನ ಹಳೇ ಪಿಯುಸಿ ಪುಸ್ತಕ ಇಳಿಸಿದ್ದೇನೆ. ಇವತ್ತು ಸಂಜೆ ಆರಕ್ಕೆ ಅದೇ ಪಾಠ, ಮತ್ತೆ ಮೊದಲಿಂದ.

ಇಂತಿ,
ಒಬ್ಬ ಟ್ಯೂಷನ್ ಮಿಸ್
ಶ್ರೀನಗರ, ಬೆಂಗಳೂರು